ಹಿರಿಯರ ನಿವಾಸ ನಡೆಸುವವರಿಗೆ: ಮೊದಲು ವೇಳಾಪಟ್ಟಿ ಸರಿ ಮಾಡಿ

ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ, ಮೂವತ್ತು ಹಿರಿಯರಿರುವ ನಿವಾಸದಲ್ಲಿ ಸಂಜೆ ಆರಕ್ಕೇ ಗಂಜಿ ಬಡಿಸುತ್ತಿದ್ದರೆ, ಆ ಹೊತ್ತಿಗೆ ಎಲ್ಲರಿಗೂ ಹಸಿವಾಗಿದೆ ಎಂದುಕೊಳ್ಳಬೇಡಿ. ಅಡುಗೆಯವರಿಗೆ ಏಳರ ಬಸ್ಸು ಹಿಡಿಯಬೇಕಾಗಿರುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಿ ಸ್ನಾನ ಮಾಡಿಸುವುದಕ್ಕೂ ಕಾರಣ ಇಂಥದ್ದೇ: ರಾತ್ರಿ ಪಾಳಿಯವರು ಮನೆಗೆ ಹೊರಡುವ ಮೊದಲು ಕೆಲಸ ಮುಗಿದಿರಬೇಕು.

ಇದರ ಫಲ ಬೇರೆ ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಆರಕ್ಕೆ ಉಂಡವರು ಮರುದಿನ ಎಂಟಕ್ಕೆ ತಿಂಡಿ ತಿನ್ನುವವರೆಗೆ 14 ಗಂಟೆ ಉಪವಾಸ. ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಸುಕಿನಲ್ಲಿ ಮೈ ಬೆವರುತ್ತದೆ, ಕೈ ನಡುಗುತ್ತದೆ. ಏಳೂವರೆಗೆ ಮಲಗಿಸಿದವರು ನಡುರಾತ್ರಿ ಒಂದಕ್ಕೇ ನಿದ್ದೆ ಮುಗಿಸಿ ಎದ್ದು ಕೂರುತ್ತಾರೆ. ಆಯಾ ಅದನ್ನು ‘ರಾತ್ರಿ ಗಲಾಟೆ’ ಎಂದು ಬರೆದಿಡುತ್ತಾಳೆ, ಡಾಕ್ಟರು ನಿದ್ದೆ ಮಾತ್ರೆ ಬರೆಯುತ್ತಾರೆ, ಆ ಮಾತ್ರೆಯ ಮಂಪರಿನಲ್ಲಿ ಬಚ್ಚಲಿಗೆ ಹೊರಟವರು ಬೀಳುತ್ತಾರೆ. ಸೊಂಟದ ಮೂಳೆ ಮುರಿತದ ಹಿಂದೆ ಊಟದ ಗಂಟೆ ಇರಬಹುದು ಎಂದು ಯಾರೂ ಯೋಚಿಸುವುದಿಲ್ಲ. ಹೊಸ ಕಟ್ಟಡ, ಲಿಫ್ಟ್, ತೋಟ ಎಲ್ಲ ಆಮೇಲಾಗಲಿ. ಕೆಲಸ ಶುರುವಾಗಬೇಕಾದದ್ದು ವೇಳಾಪಟ್ಟಿಯಿಂದ.

ಏಳು ದಿನದ ಲೆಕ್ಕ

ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ. ಪ್ರತಿಯೊಬ್ಬರಿಗೆ ಒಂದು ಹಾಳೆ, ಅದರಲ್ಲಿ ಗಂಟೆಗೊಂದರಂತೆ 24 ಚೌಕ. ಎಷ್ಟು ಗಂಟೆಗೆ ತಾವಾಗಿ ಎದ್ದರು, ಯಾವಾಗ ಬಚ್ಚಲಿಗೆ ಹೋದರು, ಯಾವಾಗ ಉಂಡರು, ಯಾವಾಗ ನಿದ್ದೆ ಹತ್ತಿತು, ಯಾವ ಕೆಲಸಕ್ಕೆ ಒಬ್ಬರ ಸಹಾಯ ಬೇಕಾಯಿತು, ಯಾವುದಕ್ಕೆ ಇಬ್ಬರದು. ಏಳನೆಯ ದಿನ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ನೂಕುನುಗ್ಗಲು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಕಡೆ ಅದು ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9. ಹನ್ನೊಂದು ಗಂಟೆಗೆ ಆಯಾಗಳು ಕೈಕಟ್ಟಿ ಕೂತಿರುತ್ತಾರೆ, ಏಳೂವರೆಗೆ ಒಬ್ಬಳು ನಾಲ್ಕು ಕರೆಗಂಟೆಗಳಿಗೆ ಓಗೊಡುತ್ತಿರುತ್ತಾಳೆ. ಇದು ಜನ ಕಡಿಮೆಯಾದ ಸಮಸ್ಯೆ ಎಂದು ತೋರಿದರೂ ಅರ್ಧದಷ್ಟು ಜನ ಬೇಡದ ಹೊತ್ತಿನಲ್ಲಿ ಇರುವ ಸಮಸ್ಯೆ.

ಇನ್ನು ಜನರ ಲೆಕ್ಕ. ವಾರಕ್ಕೆ 168 ಗಂಟೆ, ಒಬ್ಬರ ಕೆಲಸ 48 ಗಂಟೆ. ಒಂದು ಸ್ಥಾನದಲ್ಲಿ ಹಗಲು ರಾತ್ರಿ ಒಬ್ಬರು ಇರಬೇಕಾದರೆ ಮೂರೂವರೆ ಜನ ಬೇಕು. ರಜೆ, ಜ್ವರ, ಭೂತಕೋಲ, ಮದುವೆ ಎಲ್ಲ ಸೇರಿಸಿದರೆ ನಾಲ್ಕೂವರೆ. ಮೂವರಲ್ಲಿ ಇದನ್ನು ತೂಗಿಸುವ ನಿವಾಸಗಳು ವಾರದ ರಜೆಯನ್ನು ನುಂಗಿಯೇ ತೂಗಿಸುತ್ತವೆ. ಕೆಲಸದವರು ಕೆಲವೇ ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ, ಹೊಸಬರಿಗೆ ಪ್ರತಿಯೊಬ್ಬರ ಅಭ್ಯಾಸ ಮೊದಲಿನಿಂದ ಕಲಿಸಬೇಕು, ಆ ಕಲಿಕೆಯ ದಿನಗಳಲ್ಲೇ ಮಾತ್ರೆ ತಪ್ಪುವುದು, ಜಾರಿ ಬೀಳುವುದು ಹೆಚ್ಚು.

ನಮ್ಮ ಕಡೆಗೆ ಹೊಂದುವ ಒಂದು ವಿಂಗಡಣೆ ಹೀಗಿದೆ. ಬೆಳಗಿನ ಪಾಳಿ 6.30ರಿಂದ 2.30. ಮಧ್ಯಾಹ್ನದ್ದು 1ರಿಂದ 9. ರಾತ್ರಿಯದ್ದು 8.30ರಿಂದ 7, ಆದರೆ ವಾರಕ್ಕೆ ನಾಲ್ಕೇ ರಾತ್ರಿ, ಅಂದರೆ 42 ಗಂಟೆ. ಒಳದಾರಿಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಬಸ್ಸು ನಂಬುವಂತಿಲ್ಲ. ಮಧ್ಯಾಹ್ನದ ಪಾಳಿಯ ಹೆಂಗಸರನ್ನು ಮನೆಗೆ ಮುಟ್ಟಿಸಲು ರಿಕ್ಷಾ ಗೊತ್ತು ಮಾಡಿ, ಬಾಡಿಗೆ ನಿವಾಸವೇ ಕೊಡಲಿ. ಹೊಸಬರನ್ನು ಹುಡುಕಿ ಕಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ನೂಕುನುಗ್ಗಲಿನ ಹೊತ್ತಿಗೆ ಅಕ್ಕಪಕ್ಕದ ಮನೆಯ ಹೆಂಗಸರನ್ನು ಮೂರು ಗಂಟೆಯ ಕೆಲಸಕ್ಕೆ ತೆಗೆದುಕೊಳ್ಳಿ. ಪೂರ್ತಿ ದಿನ ಬರಲಾಗದ, ಆದರೆ ಬೆಳಿಗ್ಗೆ 6ರಿಂದ 9 ಬರಬಲ್ಲವರು ಪ್ರತಿ ಊರಿನಲ್ಲೂ ಇದ್ದಾರೆ. ರಾತ್ರಿ ಮಾತ್ರ, ನಿವಾಸ ಎಷ್ಟೇ ಸಣ್ಣದಿರಲಿ, ಇಬ್ಬರಿಗಿಂತ ಕಡಿಮೆ ಬೇಡ. ಬಿದ್ದವರನ್ನು ಒಬ್ಬರೇ ಎತ್ತಲಾಗದು, ಒಬ್ಬರು ಆಂಬುಲೆನ್ಸ್ ಹತ್ತಿದರೆ ಮನೆ ನೋಡಲು ಯಾರೂ ಇರುವುದಿಲ್ಲ.

ಪಾಳಿ ಬದಲಾಗುವಾಗ ಹದಿನೈದು ನಿಮಿಷ ಇಬ್ಬರೂ ಸೇರಿ ಹಾಸಿಗೆಯಿಂದ ಹಾಸಿಗೆಗೆ ನಡೆಯಬೇಕು. ಕೌಂಟರಿನಲ್ಲಿ ಪುಸ್ತಕ ಹಸ್ತಾಂತರಿಸಿದರೆ ಸಾಲದು. ಹೇಳಬೇಕಾದದ್ದು: ಎಷ್ಟು ಉಂಡರು, ಮೂತ್ರ ಮಲ ಹೋಯಿತೇ, ನಿದ್ದೆ ಹೇಗೆ, ಹೊಸ ನೋವು ಇದೆಯೇ, ಯಾವ ಮಾತ್ರೆ ಬಾಕಿ. ಪುಸ್ತಕದಲ್ಲಿ ‘ಚೆನ್ನಾಗಿದ್ದಾರೆ’, ‘ಊಟ ಮಾಡಿದ್ದಾರೆ’ ಎಂಬ ಬರಹವನ್ನು ಒಪ್ಪಬೇಡಿ. ‘ಅರ್ಧ ಬಟ್ಟಲು ಗಂಜಿ, ಪಲ್ಯ ಮುಟ್ಟಲಿಲ್ಲ’ ಎಂದಿದ್ದರೆ ಮೂರನೆಯ ದಿನ ಯಾರಾದರೂ ಎಚ್ಚರಗೊಳ್ಳುತ್ತಾರೆ.

ಬೀಳುವುದು

ಬಿದ್ದ ಪ್ರತಿ ಸಲವೂ ಐದು ಸಂಗತಿ ಬರೆಯಿರಿ: ಗಂಟೆ, ಜಾಗ, ಕಾಲಲ್ಲಿ ಏನಿತ್ತು, ಎಲ್ಲಿಗೆ ಹೊರಟಿದ್ದರು, ಕೊನೆಯದಾಗಿ ಯಾವ ಮಾತ್ರೆ ಕೊಟ್ಟಿತ್ತು. ಮೂರು ತಿಂಗಳ ಬರಹ ಒಟ್ಟು ಮಾಡಿದರೆ ರಾತ್ರಿ ಬಚ್ಚಲಿಗೆ ಹೊರಟವರು ಹೆಚ್ಚು ಬಿದ್ದಿರುವುದು ಕಾಣಬಹುದು. ಮೂತ್ರ ಹೆಚ್ಚು ಹೋಗಿಸುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಅಪಾಯ ಇರುವವರನ್ನು ಅವರಾಗಿ ಏಳುವ ಮೊದಲೇ ರಾತ್ರಿ 10, 2, 5 ಗಂಟೆಗೆ ಕರೆದೊಯ್ಯಿರಿ. ಏಳು ದಿನದ ಹಾಳೆಯಲ್ಲಿ ಬೇರೆ ಗಂಟೆ ಬರೆದಿದ್ದರೆ ಆ ಗಂಟೆಯನ್ನೇ ಹಿಡಿಯಿರಿ.

ಬಿ.ಪಿ.ಯನ್ನು ತಿಂಗಳಿಗೊಮ್ಮೆ ಎರಡು ಬಗೆಯಲ್ಲಿ ಅಳೆಯಬೇಕು. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ 1 ಮತ್ತು 3ನೇ ನಿಮಿಷಕ್ಕೆ ಮತ್ತೆ. ಮೇಲಿನ ಅಂಕೆ 20 ಅಥವಾ ಕೆಳಗಿನದು 10 ಇಳಿದರೆ ಆ ವ್ಯಕ್ತಿ ಎದ್ದು ನಿಂತಾಗ ಕಣ್ಣುಕತ್ತಲೆ ಬಂದು ಬೀಳುವವರು. ಡಾಕ್ಟರಿಗೆ ತಿಳಿಸಿ. ಅಲ್ಲಿಯವರೆಗೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ, ಪಾದ ಆಡಿಸಲು ಹೇಳಿ, ಆಮೇಲೆ ಎಬ್ಬಿಸಿ.

ಹಳೆಯ ಮನೆಯನ್ನೇ ನಿವಾಸವಾಗಿ ಮಾಡಿದ್ದರೆ ಎರಡು ಕಡೆ ಗಮನ ಬೇಕು. ಮೊದಲನೆಯದು ನೆಲ. ಪಾಲಿಶ್ ಮಾಡಿದ ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲ ಒಣಗಿದಾಗ ಚೆಂದ, ಜೂನ್‌ನಲ್ಲಿ ನೀರಿನ ಪಸೆ ಹಿಡಿದಾಗ ಅದರ ಮೇಲೆ ಗಟ್ಟಿ ಕಾಲಿನವರೂ ಜಾರುತ್ತಾರೆ. ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಮೀಟರ್ ಅಗಲಕ್ಕೆ ಜಾರದ ಲೇಪ ಅಥವಾ ಒರಟು ಟೈಲ್ ಹಾಕಿಸಿ. ಹೊಸ್ತಿಲುಗಳನ್ನು ತೆಗೆಸಲಾಗದಿದ್ದರೆ ಎರಡೂ ಬದಿಗೆ ಇಳಿಜಾರು ಕಟ್ಟಿಸಿ, ಅಂಚಿಗೆ ಹಳದಿ ಪಟ್ಟಿ ಎಳೆಯಿರಿ. ರ‍್ಯಾಂಪಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಜಾಗವಿಲ್ಲವೆಂದು ಕಡಿದಾಗಿ ಕಟ್ಟಿದ ರ‍್ಯಾಂಪು ಮೆಟ್ಟಿಲಿಗಿಂತ ಕೆಟ್ಟದು, ಗಾಲಿಕುರ್ಚಿ ಹಿಡಿದವರೂ ಅದರ ಜೊತೆ ಉರುಳುತ್ತಾರೆ.

ಎರಡನೆಯದು ಗೋಡೆ. ಕೆಂಪು ಮುರಕಲ್ಲಿನ ಗೋಡೆಗೆ ಸಾದಾ ಪ್ಲಗ್ಗು ಸ್ಕ್ರೂ ಹಾಕಿ ಹಿಡಿಕೆ ಕೂರಿಸಿದರೆ, ಕಲ್ಲು ಮೆದು ಮತ್ತು ತೂತು ತೂತಾದ್ದರಿಂದ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ನಂಬಿ ಹಿಡಿದ ಹಿಡಿಕೆ ಕೈಗೆ ಬರುವುದು ಹಿಡಿಕೆ ಇಲ್ಲದಿರುವುದಕ್ಕಿಂತ ಅಪಾಯ. ಗೋಡೆಯ ಆಚೆಯಿಂದ ಈಚೆಗೆ ಬೋಲ್ಟು ಹಾಯಿಸಿ ಹಿಂದೆ ಉಕ್ಕಿನ ತಟ್ಟೆ ಕೊಡಬೇಕು, ಇಲ್ಲವಾದರೆ ಕೆಮಿಕಲ್ ಆಂಕರ್ (ತೂತಿಗೆ ಗಟ್ಟಿಯಾಗುವ ಅಂಟು ತುಂಬಿ ಬೋಲ್ಟು ಕೂರಿಸುವುದು) ಹಾಕಿಸಬೇಕು. ಹಾಕಿದ ಮೇಲೆ ದೊಡ್ಡ ಆಳೊಬ್ಬ ಪೂರ್ತಿ ಭಾರ ಬಿಟ್ಟು ಜೋತು ನೋಡಲಿ. ಕಡಲಿಗೆ ಹತ್ತಿರವಿರುವ ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆ ಸ್ಟೀಲಿಗೆ 304 ಗ್ರೇಡ್ ಕೂಡ ತುಕ್ಕಿನ ಕಲೆ ಹಿಡಿಯುತ್ತದೆ, 316 ಕೇಳಿ.

ಕಮೋಡಿನ ಸೀಟು ನೆಲದಿಂದ 45–48 ಸೆಂ.ಮೀ., ಪಕ್ಕದ ಹಿಡಿಕೆ ಸೀಟಿಗಿಂತ 20–25 ಸೆಂ.ಮೀ. ಮೇಲೆ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲಾಗುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಿರಲಿ. ರಾತ್ರಿ ಬೆಳಕು ಮೊಣಕಾಲಿಗಿಂತ ಕೆಳಗೆ, ಹಳದಿ ಬಣ್ಣದ್ದು.

ಬಿದ್ದವರನ್ನು ಕಂಡ ಕೂಡಲೇ ಎತ್ತಲು ಹೋಗಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾಗಿದ್ದರೆ, ಅವರು ಎದ್ದು ಕೂತು ಕಾಫಿ ಕೇಳಿದರೂ ಆಸ್ಪತ್ರೆಗೆ ಹೋಗಲೇಬೇಕು.

ತಟ್ಟೆಯಲ್ಲಿ ಏನಿದೆ

ರಾತ್ರಿಯೂಟ 7.15ಕ್ಕೆ, 9ಕ್ಕೆ ಒಂದು ಲೋಟ ಹಾಲು ಎರಡು ಬಿಸ್ಕಿಟ್ ಅಥವಾ ಒಂದು ಬಾಳೆಹಣ್ಣು, ಬೆಳಿಗ್ಗೆ 6.30ಕ್ಕೆ ಕಾಫಿ, 7.45ಕ್ಕೆ ತಿಂಡಿ. ಹೀಗೆ ಮಾಡಿದರೆ ತಿಂಡಿಯವರೆಗಿನ ಉಪವಾಸದ ಅಂತರ ಹನ್ನೊಂದು ಗಂಟೆಗಿಂತ ಕಡಿಮೆಗೆ ಇಳಿಯುತ್ತದೆ. ಅಡುಗೆಯವರು ಬೇಗ ಹೋಗಬೇಕಾದರೆ ಹೋಗಲಿ. ಮಾಡಿಟ್ಟದ್ದನ್ನು ಬಿಸಿ ಮಾಡಿ ಬಡಿಸುವುದು ಮಧ್ಯಾಹ್ನದ ಪಾಳಿಯ ಕೆಲಸವಾಗಲಿ.

ಕುಚ್ಚಲಕ್ಕಿ ಗಂಜಿ ಇಲ್ಲದೆ ಈ ಕಡೆಯ ಹಿರಿಯರಿಗೆ ಊಟವಾಗದು, ಅದನ್ನು ತಪ್ಪಿಸಲು ಹೊರಡಬೇಡಿ. ಆದರೆ ಗಂಜಿ, ಚಟ್ನಿ, ಉಪ್ಪಿನಕಾಯಿ ಎಂಬ ರಾತ್ರಿಯೂಟದಲ್ಲಿ ಪ್ರೊಟೀನು ಹೆಸರಿಗಷ್ಟೇ. 50 ಕಿಲೋ ತೂಗುವ ಹಿರಿಯರಿಗೆ ದಿನಕ್ಕೆ 50–60 ಗ್ರಾಂ ಬೇಕು (ಮೂತ್ರಪಿಂಡದ ಕಾಯಿಲೆ ಇದ್ದರೆ ಡಾಕ್ಟರು ಹೇಳಿದಷ್ಟು). ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿ.ಲೀ. ಹಾಲಿನಲ್ಲಿ ಅಷ್ಟೇ, 100 ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 20. ಸಸ್ಯಾಹಾರಿಗಳಿಗೆ ಗಂಜಿಯ ಜೊತೆ ಹೆಸರುಕಾಳಿನ ಪಲ್ಯ, ಕಡಲೆ ಗಸಿ, ಗಟ್ಟಿ ಮೊಸರು ತಪ್ಪದೆ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನು ಸಿಗುವುದು ಕಡಿಮೆ, ಬೆಲೆ ಜಾಸ್ತಿ. ಆ ಎರಡು ತಿಂಗಳು ಒಣಮೀನಿನ ಮೇಲೆ ಬಿದ್ದರೆ ಬಿ.ಪಿ. ಏರುತ್ತದೆ. ಮೊಟ್ಟೆಗೆ ಮೊದಲೇ ಹಣ ಇಟ್ಟುಕೊಳ್ಳಿ.

ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು, ಅಂದರೆ ಒಂದು ಟೀ ಚಮಚ. ಅಡುಗೆಯಲ್ಲಿ ಕಡಿಮೆ ಹಾಕಿ, ತಟ್ಟೆಯ ತುದಿಗೆ ಒಂದು ಚೂರು ಉಪ್ಪಿನಕಾಯಿ ಇಡುವುದು ಪೂರ್ತಿ ಸಪ್ಪೆ ಊಟಕ್ಕಿಂತ ನಡೆಯುವ ದಾರಿ. ವಯಸ್ಸಾದಂತೆ ನಾಲಿಗೆಯೂ ಮೂಗೂ ಮಂದವಾಗುತ್ತವೆ. ಆ ಕೊರತೆಯನ್ನು ಶುಂಠಿ, ಲಿಂಬೆ, ಇಂಗಿನ ಒಗ್ಗರಣೆ, ತಿಮರೆ (ಒಂದೆಲಗ) ಚಟ್ನಿ ತುಂಬಲಿ. ಕಡಿಮೆ ಸೋಡಿಯಂನ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಮೇ ತಿಂಗಳಲ್ಲಿ ಎಲ್ಲರಿಗೂ ಬೊಂಡ (ಎಳನೀರು) ಕೊಡುವಾಗಲೂ ಈ ಎಚ್ಚರ ಬೇಕು.

ನುಂಗುವುದು ಕಷ್ಟವಾಗಿರುವವರಿಗೆ, ಅದರಲ್ಲೂ ಪಾರ್ಶ್ವವಾಯು, ಪಾರ್ಕಿನ್ಸನ್ ಆದವರಿಗೆ, ಗಂಜಿ ಮೆತ್ತಗಿರುವುದರಿಂದ ಸುರಕ್ಷಿತ ಎಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವದಲ್ಲಿ ಅಗುಳು ಬೇರೆ, ತಿಳಿ ಬೇರೆಯಾಗಿರುವ ಗಂಜಿ ಅವರಿಗೆ ತೀರಾ ಕಷ್ಟದ ಆಹಾರ. ಬಾಯಲ್ಲಿ ಅಗುಳು ಜಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಓಡಿ ಶ್ವಾಸನಾಳಕ್ಕೆ ಇಳಿಯುತ್ತದೆ. ಊಟದ ಮಧ್ಯೆ ಕೆಮ್ಮು, ಉಂಡ ಮೇಲೆ ಗೊರಗೊರ ಎನ್ನುವ ಸ್ವರ, ಒಂದು ಊಟಕ್ಕೆ ಮುಕ್ಕಾಲು ಗಂಟೆ, ಪದೇ ಪದೇ ಬರುವ ನ್ಯುಮೋನಿಯಾ ಇದರ ಗುರುತು. ಅಂಥವರ ಗಂಜಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಚಮಚ ಓರೆ ಮಾಡಿದರೆ ಮುದ್ದೆಯಾಗಿ ಜಾರುವ ಹದಕ್ಕೆ ತನ್ನಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನುಂಗುವ ತೊಂದರೆ ಪರೀಕ್ಷಿಸುವ ತಜ್ಞರಿದ್ದಾರೆ. ಒಮ್ಮೆ ತೋರಿಸಿ ಹದ ಬರೆಸಿಕೊಂಡು ಬನ್ನಿ.

ಏಕಾದಶಿ, ರಂಜಾನ್, ಕ್ರೈಸ್ತರ ತಪಸ್ಸಿನ ಕಾಲ: ಮೂರರ ದಿನಾಂಕವನ್ನೂ ವರ್ಷದ ಮೊದಲೇ ಗೋಡೆಗೆ ಹಾಕಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯಲ್ಲಿರುವವರು ಉಪವಾಸ ಮಾಡಬೇಕೆಂದರೆ ಡೋಸು ಹೇಗೆ ಬದಲಿಸಬೇಕೆಂದು ಡಾಕ್ಟರಿಂದ ಮೊದಲೇ ಬರೆಸಿ. ಶುಗರ್ 70ಕ್ಕಿಂತ ಕೆಳಗಿಳಿದರೆ, ಎಚ್ಚರವಿದ್ದು ನುಂಗಬಲ್ಲವರಾದರೆ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷದ ಮೇಲೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು.

ತಿಂಗಳ ಒಂದೇ ದಿನಾಂಕಕ್ಕೆ ಎಲ್ಲರ ತೂಕ ತೆಗೆಯಿರಿ. ಒಂದು ತಿಂಗಳಲ್ಲಿ ನೂರಕ್ಕೆ ಐದು ಭಾಗ ಇಳಿದರೆ ಡಾಕ್ಟರಿಗೆ ಹೇಳಬೇಕು, ಆದರೆ ಅದಕ್ಕೂ ಮುಂಚೆ ಹಲ್ಲುಸೆಟ್ಟು ಸರಿಯಾಗಿ ಕೂರುತ್ತಿದೆಯೇ ನೋಡಿ.

ಮಾತ್ರೆ

ನಿವಾಸದಲ್ಲಿ ಒಂದೇ ಪಟ್ಟಿ ಇರಬೇಕು, ಅದರಲ್ಲಿಲ್ಲದ ಮಾತ್ರೆ ಯಾರ ತಲೆದಿಂಬಿನ ಅಡಿಯಲ್ಲೂ ಇರಬಾರದು. ಮಗ ದುಬೈಯಿಂದ ತಂದ ನೋವಿನ ಮಾತ್ರೆ, ಮಗಳು ಕೊಟ್ಟ ಕಷಾಯ, ನೆರೆಯವರ ಲೇಹ್ಯ ಎಲ್ಲವೂ ಪಟ್ಟಿಗೆ ಬರಲಿ. ಕೊಟ್ಟ ಮೇಲೆಯೇ ಸಹಿ, ಮೊದಲೇ ಸಾಲಾಗಿ ಸಹಿ ಹಾಕಿಡುವ ಅಭ್ಯಾಸವನ್ನು ಕಂಡಲ್ಲೇ ನಿಲ್ಲಿಸಿ. ಥೈರಾಯ್ಡ್ ಮಾತ್ರೆ ಬರೀ ನೀರಿನಲ್ಲಿ, ಕಾಫಿಗಿಂತ ಅರ್ಧದಿಂದ ಒಂದು ಗಂಟೆ ಮೊದಲು. ಮೂಳೆಯ ವಾರದ ಮಾತ್ರೆ ನುಂಗಿದವರು ಅರ್ಧ ಗಂಟೆ ಮಲಗಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಬಸಳೆ, ಹರಿವೆ, ನುಗ್ಗೆಸೊಪ್ಪು ನಿಷಿದ್ಧವೇನಲ್ಲ, ಆದರೆ ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರಬೇಕು. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿಗೆ ತಾಗದಂತೆ. ತೆರೆದ ಬಾಟಲಿಯ ಮೇಲೆ ದಿನಾಂಕ ಬರೆಯಿರಿ, ಹೆಚ್ಚಿನವುಗಳಿಗೆ 28 ದಿನ ಮಿತಿ. ಮೂರು ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಪೂರ್ತಿ ಪಟ್ಟಿ ಇಟ್ಟು ‘ಇದರಲ್ಲಿ ಯಾವುದನ್ನು ನಿಲ್ಲಿಸಬಹುದು’ ಎಂದು ಕೇಳಿ. ಸೇರಿಸುವುದು ಎಲ್ಲರಿಗೂ ನೆನಪಿರುತ್ತದೆ.

ಮಳೆಗಾಲ

ತಯಾರಿ ಮೇ ಮೊದಲ ವಾರಕ್ಕೇ. ಮುರಕಲ್ಲಿನ ಮೆಟ್ಟಿಲು, ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಮಳೆ ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ. ಜಗಲಿಯಲ್ಲಿ ನೆಂದ ನಾರಿನ ಚಾಪೆ ಬೇಡ, ಅಡಿಗೆ ರಬ್ಬರಿರುವುದು ಸಾಕು. ಕೊಡೆಗಳಿಗೆ ಹೊರಗೇ ಒಂದು ಡ್ರಮ್ಮು ಇಡಿ. ಬೇಸಗೆಯಲ್ಲಿ ಹಾಸಿಗೆಗೆ ಮೂರು ಜೊತೆ ಬೆಡ್‌ಶೀಟ್ ಸಾಕಾದರೆ ಮಳೆಗಾಲಕ್ಕೆ ಐದು ಬೇಕು. ಅರೆ ಒಣಗಿದ್ದನ್ನು ಹಾಸಿದರೆ ತೊಡೆಸಂದು, ಬೆನ್ನಿನಲ್ಲಿ ಹುಳುಕಡ್ಡಿ ಶುರುವಾಗಿ ಮಲಗಿದ್ದಲ್ಲೇ ಇರುವವರಿಗೆ ಹಾಸಿಗೆ ಹುಣ್ಣಿಗೆ ದಾರಿಯಾಗುತ್ತದೆ. ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದಕ್ಕೆ ಯಾವ ಗಾಳಿ ಹಾಸಿಗೆಯೂ ಬದಲಿಯಲ್ಲ. ಶ್ರವಣಯಂತ್ರವನ್ನು ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ಈ ತೇವಕ್ಕೆ ಅದು ಬೇಗ ಕೈಕೊಡುತ್ತದೆ.

ಮಂಗಳೂರಿಗೆ ಮಲೇರಿಯಾ ಹೊಸದಲ್ಲ. ಅದನ್ನು ಹರಡುವ ಸೊಳ್ಳೆ ತಾರಸಿಯ ಟ್ಯಾಂಕು, ಬಾವಿಯ ಸ್ವಚ್ಛ ನೀರಿನಲ್ಲೇ ಮರಿ ಮಾಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕಾದ್ದರಿಂದ ವಾರಕ್ಕೊಮ್ಮೆ ಟ್ಯಾಂಕಿನ ಮುಚ್ಚಳ, ಗಾಳಿಕೊಳವೆಯ ಬಲೆ ನೋಡಲೇಬೇಕು. ಡೆಂಗಿ ಸೊಳ್ಳೆಗೆ ಚಿಪ್ಪು, ಬಿದ್ದ ಅಡಿಕೆ ಹಾಳೆ, ಹೂಕುಂಡದ ತಟ್ಟೆ ಸಾಕು. ತೋಟದ ಕೆಲಸದವರು ಬರಿಗಾಲಲ್ಲಿ ಕೆಸರಿಗಿಳಿಯುವುದು ಬೇಡ, ಇಲಿಜ್ವರ ಈ ಎರಡೂ ಜಿಲ್ಲೆಗಳಲ್ಲಿ ಇದೆ. ಯಾರಿಗೆ ಜ್ವರ ಬಂದರೂ ಅದೇ ದಿನ ಮಲೇರಿಯಾಕ್ಕೆ ರಕ್ತ ಪರೀಕ್ಷೆ.

ಹಿರಿಯರಲ್ಲಿ ಸೋಂಕು ಜ್ವರವಾಗಿ ಕಾಣಿಸಲೇಬೇಕೆಂದಿಲ್ಲ. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಮಂಕಾದರೆ, ಹೊತ್ತು ಗೊತ್ತು ತಪ್ಪಿದರೆ, ಊಟ ಬೇಡವೆಂದರೆ ಅದನ್ನು ‘ವಯಸ್ಸಾಯಿತು’ ಎಂದು ಬಿಡಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿತ, ಮಲಬದ್ಧತೆ ಎಲ್ಲವೂ ಹೀಗೇ ಶುರುವಾಗುತ್ತವೆ. ಅದೇ ದಿನ ತೋರಿಸಿ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ ಅದು ಸುಮಾರು 350 ವ್ಯಾಟ್ ಎಳೆಯುತ್ತದೆ. ಕರೆಂಟು ಹೋದ ರಾತ್ರಿಗೆ ಫ್ಯಾನು ಲೈಟಿಗೆಂದು ಇಟ್ಟ ಸಣ್ಣ ಇನ್ವರ್ಟರನ್ನು ನೆಚ್ಚಬೇಡಿ. 1,500 ಲೀಟರಿನ ಬಿ ಟೈಪ್ ಸಿಲಿಂಡರು ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ, ಒಂದು ತುಂಬಿಸಿಡಿ. ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್‌ನಲ್ಲಿ ನೀರು ನಿಂತ ದಿನ ಆಸ್ಪತ್ರೆಗೆ ಯಾವ ದಾರಿ ಎಂದು ಡ್ರೈವರ್‌ಗೆ ಗೊತ್ತಿರಲಿ.

ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ, ಪಾಲೆ ಮರದ ತೊಗಟೆಯ ಕಷಾಯಕ್ಕೆ ಹಿರಿಯರು ಆಸೆಪಡುತ್ತಾರೆ. ಬೇಡವೆನ್ನಬೇಕಾಗಿಲ್ಲ, ಆದರೆ ನಸುಕಿನ ಕತ್ತಲಲ್ಲಿ ತಪ್ಪು ಮರದ ತೊಗಟೆ, ಅದರಲ್ಲೂ ಕಾಸರಕದ್ದು, ಕೆತ್ತಿ ತಂದರೆ ಅದು ವಿಷ. ಮರವನ್ನು ಹಗಲಿನಲ್ಲೇ ಗುರುತು ಹಾಕಿದವರಿಂದ ಮಾತ್ರ ತರಿಸಿ, ಕಿಡ್ನಿ ಲಿವರ್ ತೊಂದರೆ ಇರುವವರನ್ನು ಬಿಟ್ಟು ಉಳಿದವರಿಗೆ ಸ್ವಲ್ಪವೇ ಕೊಡಿ, ಮೇಲೆ ಮೆಂತ್ಯದ ಗಂಜಿ.

ಮಾತು, ಕೆಲಸ, ಜೊತೆ

ಸೇರುವಾಗಿನ ಹಾಳೆಯಲ್ಲಿ ಕಾಯಿಲೆಗಳ ಜೊತೆ ಇವೂ ಇರಲಿ: ಮನೆಮಾತು ಯಾವುದು, ಏನೆಂದು ಕರೆದರೆ ಇಷ್ಟ, ಏನು ಕೆಲಸ ಮಾಡುತ್ತಿದ್ದರು, ಫ್ಯಾನು ಬೇಕೇ ಬೇಡವೇ, ಸ್ನಾನ ಬೆಳಿಗ್ಗೆಯೋ ಸಂಜೆಯೋ. ನಲವತ್ತು ವರ್ಷ ‘ಟೀಚರ್’ ಆಗಿದ್ದವರನ್ನು ಬಂದ ದಿನವೇ ‘ಅಜ್ಜಿ’ ಮಾಡಿದರೆ ಅವರು ಉತ್ತರ ಕೊಡದಿರುವುದರಲ್ಲಿ ಆಶ್ಚರ್ಯವಿಲ್ಲ. ಮಾಷ್ಟ್ರು, ಬಾಯಿ, ಅಮ್ಮ, ಉಮ್ಮ, ಅವರು ಹೇಳಿದ್ದೇ ಸರಿ. ಒಂದೇ ಕೋಣೆಯ ಜೋಡಿಯನ್ನು ಜಾತಿ, ಊರು ನೋಡಿ ಹಾಕುವವರು ಫ್ಯಾನಿನ ವಿಷಯ ಮರೆಯುತ್ತಾರೆ. ಕೋಣೆಯ ಜಗಳ ಹುಟ್ಟುವುದೇ ಫ್ಯಾನು, ಕಿಟಕಿ, ಗೊರಕೆಯಿಂದ.

ಮರೆವಿನ ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಹಲವರಲ್ಲಿ ಮೊದಲು ಜಾರುತ್ತದೆ. ಬ್ಯಾಂಕಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು ತುಳುವಿಗೆ, ಕೊಂಕಣಿಗೆ, ಬ್ಯಾರಿಗೆ ಮರಳುತ್ತಾರೆ. ಆಯಾ ಉತ್ತರ ಕರ್ನಾಟಕದವಳೋ ಜಾರ್ಖಂಡಿನವಳೋ ಆಗಿದ್ದರೆ ಅವರ ಮಾತು ಅವಳಿಗೆ ಬರೀ ಗೊಣಗಾಟ. ಇಪ್ಪತ್ತು ಮಾತಿನ ಪಟ್ಟಿ ಮಾಡಿ ಹಾಸಿಗೆಯ ಬಳಿ ಅಂಟಿಸಿ. ತುಳುವರಿಗೆ ‘ನೀರ್ ಬೋಡಾ’ (ನೀರು ಬೇಕೇ), ‘ಬೇನೆ ಓಲು’ (ನೋವು ಎಲ್ಲಿ), ಅದನ್ನೇ ಕೊಂಕಣಿಯವರಿಗೆ ‘ಉದಾಕ್ ಜಾಯ್’, ‘ಖಂಯ್ ದುಕ್ತಾ’. ಆಯಾಗಳಿಗೆ ಅದನ್ನು ಕಲಿಸುವ ಕೆಲಸವನ್ನು ನಿವಾಸಿಗಳಿಗೇ ಕೊಡಿ, ದಿನಕ್ಕೆ ಹತ್ತು ನಿಮಿಷ.

‘ಚಟುವಟಿಕೆ’ ಎಂದರೆ ಆರಕ್ಕೆ ಭಜನೆ, ಏಳಕ್ಕೆ ಧಾರಾವಾಹಿ ಎಂದಾಗಿದೆ. ಜೀವನವಿಡೀ ಬೀಡಿ ಕಟ್ಟಿದ, ಗದ್ದೆ ನಟ್ಟ, ಲೆಕ್ಕ ಬರೆದ ಕೈಗಳಿಗೆ ಚಪ್ಪಾಳೆ ತಟ್ಟುವ ಆಟ ಕೊಡುವುದು ಸ್ವಲ್ಪ ಅವಮಾನವೇ. ಅಲಸಂಡೆ ಮುರಿಯುವುದು, ಬೆಳ್ಳುಳ್ಳಿ ಸುಲಿಯುವುದು, ಬಾಳೆನಾರಿನಲ್ಲಿ ಶಂಕರಪುರ ಮಲ್ಲಿಗೆ ಕಟ್ಟುವುದು, ಬಟ್ಟೆ ಮಡಚುವುದು: ಇಷ್ಟವಿದ್ದವರಿಗೆ, ಒತ್ತಾಯವಿಲ್ಲದೆ, ಸಂಜೆ 4ರಿಂದ 5.30ರವರೆಗೆ. ಈ ಹೊತ್ತಿಗೆ ಕಾರಣವಿದೆ. ಮರೆವು ಇರುವವರಿಗೆ ಕತ್ತಲಾಗುವ ಸಮಯದಲ್ಲೇ ‘ಮನೆಗೆ ಹೋಗಬೇಕು’ ಎಂಬ ಚಡಪಡಿಕೆ ಹೆಚ್ಚು. ಮಳೆಗಾಲದಲ್ಲಿ ನಾಲ್ಕೂವರೆಗೇ ಎಲ್ಲ ದೀಪ ಹಾಕಿ, ಕೈಗೆ ಕೆಲಸ ಕೊಟ್ಟರೆ ಅದು ಎಷ್ಟೋ ತಗ್ಗುತ್ತದೆ. ತಿಂಗಳಿಗೊಮ್ಮೆ ಯಕ್ಷಗಾನ ತಾಳಮದ್ದಳೆ ಇಡಿಸಿ. ವೇಷವಿಲ್ಲ, ರಂಗಸ್ಥಳ ಬೇಡ, ಹಾಡುವ ಭಾಗವತರೂ ಮದ್ದಳೆಯವರೂ ಮಾತಾಡುವ ನಾಲ್ಕು ಅರ್ಥಧಾರಿಗಳೂ ಸಾಕು, ಕೇಳುವವರು ಪ್ರಸಂಗವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು. ಭಜನೆಯೂ ರೋಸರಿಯೂ ಬೇಕಾದವರಿಗೆ ಇರಲಿ, ಬೇಡದವರು ತೋಟದಲ್ಲಿ ಕೂರಲಿ. ಉದಯವಾಣಿಯ ಒಂದೇ ಪ್ರತಿಗೆ ಬೆಳಿಗ್ಗೆ ಏಳು ಜನ ಕಾಯುತ್ತಿದ್ದರೆ ಮೂರು ಪ್ರತಿ ತರಿಸಿ, ಇಷ್ಟು ಅಗ್ಗದ ನೆಮ್ಮದಿ ಬೇರೆ ಇಲ್ಲ.

ಮಕ್ಕಳು, ಹಣ, ಕಾಗದ

ಹೊಸಬರು ಬಂದ ಮೊದಲ ಹದಿನೈದು ದಿನ ‘ಒಗ್ಗಿಕೊಳ್ಳಲಿ’ ಎಂದು ಮನೆಯವರನ್ನು ದೂರ ಇಡುವ ನಿಯಮ ಕೆಲವೆಡೆ ಇದೆ. ಬಿಡಿಸಿ. ಆ ದಿನಗಳಲ್ಲೇ ಅವರು ಹೆಚ್ಚು ಬರಬೇಕು, ಹಿರಿಯರ ಹಾಳೆ ತುಂಬಲು ನಿಮಗೂ ಅವರು ಬೇಕು. ಮಕ್ಕಳು ಕೊಲ್ಲಿಯಲ್ಲಿದ್ದರೆ ವಿಡಿಯೋ ಕರೆಗೆ ಹೊತ್ತು ಗೊತ್ತು ಮಾಡಿ. ಇಲ್ಲಿ ರಾತ್ರಿ 8.30 ಎಂದರೆ ದುಬೈಯಲ್ಲಿ 7, ದೋಹಾ, ಕುವೈತ್, ರಿಯಾದ್‌ನಲ್ಲಿ 6. ನಾಲ್ಕು ಮಕ್ಕಳಿಗೆ ನಾಲ್ಕು ಉತ್ತರ ಕೊಡುವ ಕಷ್ಟ ತಪ್ಪಲು ಒಬ್ಬರ ಹೆಸರನ್ನು ಬರವಣಿಗೆಯಲ್ಲಿ ಪಡೆಯಿರಿ. ಜೊತೆಗೆ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಬಂದು ಸಹಿ ಹಾಕಬಲ್ಲ ಊರಿನವರೊಬ್ಬರು ಬೇಕೇ ಬೇಕು.

ಒಪ್ಪಂದ ಕನ್ನಡದಲ್ಲಿರಲಿ, ಹಿರಿಯರೇ ಓದಿ ಸಹಿ ಹಾಕಲಿ. ತಿಂಗಳ ಹಣದಲ್ಲಿ ಏನೆಲ್ಲ ಸೇರಿದೆ, ಡಯಾಪರ್ ಮತ್ತು ಔಷಧ ಯಾರ ಖರ್ಚು, ವರ್ಷಕ್ಕೆ ಎಷ್ಟರವರೆಗೆ ಏರಿಕೆ, ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಎಷ್ಟು, ಠೇವಣಿ ಎಷ್ಟು ದಿನದಲ್ಲಿ ವಾಪಸು, ನಡೆಯಲಾಗದ ಸ್ಥಿತಿ ಬಂದರೆ ಇಟ್ಟುಕೊಳ್ಳುತ್ತೀರೋ ಇಲ್ಲವೋ. ಈ ಕೊನೆಯ ಪ್ರಶ್ನೆಗೆ ಉತ್ತರ ಬರೆಯದಿದ್ದರೆ ಮುಂದೆ ಜಗಳ ಖಂಡಿತ. ಕೈಖರ್ಚಿನ ಹಣಕ್ಕೆ ಪುಸ್ತಕ, ಪ್ರತಿ ಸಲ ಇಬ್ಬರ ಸಹಿ. ಬಂಗಾರದ ಪಟ್ಟಿ ಸೇರುವ ದಿನವೇ. ನಿವಾಸದ ಯಾರೊಬ್ಬರೂ ನಿವಾಸಿಗಳ ಖಾತೆಗೆ ನಾಮಿನಿಯಾಗಕೂಡದು, ಎ.ಟಿ.ಎಂ. ಪಿನ್ ತಿಳಿದಿರಕೂಡದು.

ಸರಕಾರಿ ಪಿಂಚಣಿದಾರರ ಜೀವಿತ ಪ್ರಮಾಣಪತ್ರ ನವೆಂಬರಿನಲ್ಲಿ, ಕೇಂದ್ರ ಸರಕಾರದ ಪಿಂಚಣಿದಾರರಲ್ಲಿ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ. ಬೆರಳಚ್ಚು ಸವೆದವರಿಗೆ ಮೊಬೈಲಿನಲ್ಲಿ ಮುಖ ಗುರುತಿಸುವ ವಿಧಾನ ಇದೆ. 70 ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಯೋಜನೆಯನ್ನು ಕೇಂದ್ರ 2024ರಲ್ಲಿ ಘೋಷಿಸಿದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ ಎಂದು ಮೊದಲೇ ಕೇಳಿಡಿ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು ಕೈಬಿಡಲ್ಪಟ್ಟವರಿಗೆ 2007ರ ಪಾಲಕರ ಪೋಷಣೆ ಕಾಯಿದೆಯ 23ನೇ ಕಲಮು ಇದೆ, ಅರ್ಜಿ ಉಪವಿಭಾಗಾಧಿಕಾರಿಗೆ. ಸಹಾಯವಾಣಿ 14567ನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ನಿಮ್ಮ ಮೇಲೆಯೇ ದೂರು ಕೊಡಲೂ ಅದು ಉಪಯೋಗವಾಗಲಿ.

ನಿವಾಸಿಗಳ ಸಮಿತಿ

ಐವರು ಸಾಕು, ಅದರಲ್ಲಿ ಒಬ್ಬರಾದರೂ ಗಾಲಿಕುರ್ಚಿಯವರು, ಒಬ್ಬರಾದರೂ ಮಾತು ಕಡಿಮೆಯವರು. ನಿವೃತ್ತ ಅಧಿಕಾರಿಗಳೇ ತುಂಬಿದರೆ ಸಭೆ ಭಾಷಣವಾಗುತ್ತದೆ. ತಿಂಗಳಿಗೊಮ್ಮೆ, ಬೆಳಿಗ್ಗೆ ಹತ್ತೂವರೆಗೆ, ಒಂದು ಗಂಟೆ. ಮೊದಲ ಅರ್ಧ ಗಂಟೆ ಮ್ಯಾನೇಜರ್ ಹೊರಗಿರಬೇಕು. ಆಯಾಗಳ ಮೇಲಿನ ದೂರು ಮ್ಯಾನೇಜರ್ ಎದುರು ಯಾರೂ ಹೇಳುವುದಿಲ್ಲ, ರಾತ್ರಿ ಆಯಾಗಳ ಕೈಯಲ್ಲೇ ಇರಬೇಕಲ್ಲ. ಊಟದ ಪಟ್ಟಿ, ಟಿವಿಯ ಹೊತ್ತು, ಭೇಟಿಯ ಸಮಯ ಈ ಮೂರನ್ನು ಪೂರ್ತಿ ಸಮಿತಿಗೇ ಬಿಡಿ, ಅಡುಗೆಗೆ ತಿಂಗಳಿಗೆ ಇಷ್ಟು ಹಣ ಎಂದು ಹೇಳಿ ಅವರೇ ತೂಗಿಸಲಿ. ಪಾಳಿಯ ಗಂಟೆ ಬದಲಿಸುವ ಮೊದಲು ಸಮಿತಿಗೆ ತೋರಿಸಿ: ಸಂಜೆ ಐದಕ್ಕೆ ಅಡುಗೆ ಮುಗಿಸಬೇಕೆಂಬ ಪ್ರಸ್ತಾಪ ಅಲ್ಲೇ ಬಿದ್ದುಹೋಗುತ್ತದೆ. ತೀರ್ಮಾನ, ಮಾಡಬೇಕಾದವರ ಹೆಸರು, ದಿನಾಂಕ ಮೂರನ್ನೂ ದೊಡ್ಡ ಅಕ್ಷರದಲ್ಲಿ ಊಟದ ಕೋಣೆಯಲ್ಲಿ ಹಾಕಿ. ಮುಂದಿನ ಸಭೆ ಆ ಹಾಳೆಯಲ್ಲಿ ಆಗದೆ ಉಳಿದದ್ದರಿಂದ ಶುರುವಾಗಲಿ.